ದಕ್ಷಿಣ ಬೆಂಗಳೂರಿನ ಸ್ಥಳೀಯ ಆರೋಗ್ಯ ಸೌಲಭ್ಯಗಳ ಯೋಜನೆ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಿಗೂ ಇವುಗಳ ನಡುವೆ ಉಳಿದುಕೊಂಡಿರುವ ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಕತ್ರಿಗುಪ್ಪೆ, ತಾವರೆಕೆರೆಯಂಥ ಹಳೆಯ ಊರುಗಳಿಗೂ ಔಷಧಾಲಯ, ಹೆರಿಗೆ ಆಸ್ಪತ್ರೆ, ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಎಷ್ಟು ಜನಕ್ಕೆ ಒಂದರಂತೆ, ಎಲ್ಲಿ ಕೊಡಬೇಕೆಂದು ನಿರ್ಧರಿಸಿದ ಬಗೆ ಈ ಲೇಖನದ ವಿಷಯ. ಇಲ್ಲಿ ನೆಲವನ್ನು ಕಾದಿರಿಸಿದವರು ಬಡಾವಣೆ ಕಟ್ಟಿದ ಸಂಸ್ಥೆಗಳು, ಜನಸಂಖ್ಯೆಯ ಮಾನದಂಡ ಕೊಟ್ಟವರು ಆರೋಗ್ಯ ಇಲಾಖೆಯವರು, ಕೇಂದ್ರಗಳನ್ನು ನಡೆಸಿದ್ದು ಬಹುಮಟ್ಟಿಗೆ ಪಾಲಿಕೆ. ಮೂವರೂ ಒಂದೇ ನಕ್ಷೆಯ ಮುಂದೆ ಕೂತ ಸಂದರ್ಭ ವಿರಳ. ಬಡಾವಣೆಯ ನೆಲವನ್ನು ಒಮ್ಮೆ ಅಳೆದು ಮುಗಿಸಲಾಯಿತು. ಅದರ ಮೇಲಿನ ಮನೆಗಳು ಮಾತ್ರ ಮಹಡಿ ಏರಿಸಿಕೊಳ್ಳುತ್ತಲೇ ಹೋದವು.

ಹಿನ್ನೆಲೆ

1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ನಗರ ಯೋಜನೆಯನ್ನು ಆರೋಗ್ಯದ ಪ್ರಶ್ನೆಯಾಗಿಸಿತು. ಅದರ ಬೆನ್ನಿಗೇ ರೂಪುಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ ಅಗಲವಾದ ರಸ್ತೆ, ಗಾಳಿ ಬೆಳಕಿನ ನಿವೇಶನ, ಮನೆಗಳ ಹಿಂದಿನ ಓಣಿ, ಇವೇ ರೋಗಕ್ಕೆ ಮದ್ದು ಎಂಬ ನಂಬಿಕೆ ಎದ್ದು ಕಾಣುತ್ತದೆ. ಕಾಯಿಲೆ ಬಂದವರಿಗೆ ಕೋಟೆಯ ಬದಿಯಲ್ಲಿ 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆ ಇತ್ತು, 1935ರಿಂದ ವಾಣಿವಿಲಾಸವೂ ಇತ್ತು. ಬಡಾವಣೆಯೇ ಆರೋಗ್ಯ, ಆಸ್ಪತ್ರೆ ಪೇಟೆಯ ಬದಿಯಲ್ಲಿ ಎಂಬ ಈ ಹಂಚಿಕೆ ಮುಂದೆ ಜಯನಗರಕ್ಕೂ ಇಳಿದುಬಂತು ಎನ್ನಬಹುದು.

1948ರಲ್ಲಿ ಆರಂಭವಾದ ಜಯನಗರವನ್ನು 1945ರ ಕಾಯ್ದೆಯಡಿ ಹುಟ್ಟಿದ ನಗರ ಸುಧಾರಣಾ ವಿಶ್ವಸ್ಥ ಮಂಡಳಿ ಬ್ಲಾಕುಗಳಾಗಿ ರೂಪಿಸಿತು. (ಏಷ್ಯಾದಲ್ಲೇ ದೊಡ್ಡ ಯೋಜಿತ ಬಡಾವಣೆ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅಳತೆ ಹಿಡಿದು ತೋರಿಸಿದವರು ಕಡಿಮೆ.) ಮಂಡಳಿಯ ಕೆಲಸವನ್ನು 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ವಹಿಸಿಕೊಂಡಿತು. ಬನಶಂಕರಿ ಹಂತ ಹಂತವಾಗಿ ಆರನೆಯ ಹಂತದವರೆಗೆ ಬೆಳೆಯಿತು. ಜೆ.ಪಿ. ನಗರದ ಬೆಳವಣಿಗೆಯಲ್ಲಿ ಗೃಹ ನಿರ್ಮಾಣ ಸಹಕಾರ ಸಂಘಗಳ ಪಾಲೂ ಇದೆ. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರ ಸೇರಿ ಬಿಟಿಎಂ ಆಯಿತು.

ಹೊಸೂರು ರಸ್ತೆಯ ಬದಿಯ ಆಸ್ಪತ್ರೆಗಳ ಗುಂಪನ್ನು ಬೇರೆಯಾಗಿಯೇ ನೋಡಬೇಕು. ಧರ್ಮರಾಯಸ್ವಾಮಿ ಗುಡಿಯ ಸಮೀಪವಿದ್ದ ಮಾನಸಿಕ ಆಸ್ಪತ್ರೆಯನ್ನು 1930ರ ದಶಕದಲ್ಲಿ ಊರಾಚೆಯ ಲಕ್ಕಸಂದ್ರದ ಬಯಲಿಗೆ ಕೊಂಡೊಯ್ಯಲಾಯಿತು. ಅದೇ ಮುಂದೆ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಕಿದ್ವಾಯಿ ಗಂಥಿ ಸಂಸ್ಥೆ, ಕ್ಷಯ ಮತ್ತು ಎದೆರೋಗಗಳ ರಾಜೀವ್ ಗಾಂಧಿ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಮೂಳೆ ಚಿಕಿತ್ಸೆಯ ಸಂಜಯ್ ಗಾಂಧಿ ಸಂಸ್ಥೆ ಇವೆಲ್ಲ ಅದರ ಆಸುಪಾಸಿನಲ್ಲೇ ಇವೆ. ಜಯದೇವ ಹೃದ್ರೋಗ ಸಂಸ್ಥೆ ಬನ್ನೇರುಘಟ್ಟ ರಸ್ತೆಯಲ್ಲಿದೆ. ಊರಾಚೆ ಇಟ್ಟ ಆಸ್ಪತ್ರೆಗಳನ್ನು ಊರೇ ಬೆಳೆದು ಒಳಗೆ ಹಾಕಿಕೊಂಡಿತು. ಇಲ್ಲಿನ ಹಾಸಿಗೆಗಳಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳವರೂ ನೆರೆರಾಜ್ಯದವರೂ ಮಲಗುತ್ತಾರೆ. ದಕ್ಷಿಣ ಬೆಂಗಳೂರಿನ ಹಾಸಿಗೆಗಳನ್ನು ಎಣಿಸಿ ಅಲ್ಲಿನ ಜನಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕಿ ನೋಡಲು ಚೆಂದ. ಆದರೆ ಬನಶಂಕರಿ ಮೂರನೆಯ ಹಂತದ ಮಗುವಿನ ಜ್ವರಕ್ಕೂ ಆ ಅಂಕಿಗೂ ಸಂಬಂಧ ತೀರ ತೆಳು.

ಸಿ.ಎ. ನಿವೇಶನದ ಪ್ರಶ್ನೆ

ಬಡಾವಣೆಯೊಳಗೆ ಆರೋಗ್ಯ ಕೇಂದ್ರಕ್ಕೆ ಜಾಗ ಸಿಗುವ ಮುಖ್ಯ ದಾರಿ ನಾಗರಿಕ ಸೌಲಭ್ಯ ನಿವೇಶನ. ಆಡುಮಾತಿನಲ್ಲಿ ಇದು ಸಿ.ಎ. ಸೈಟು. ಬಿಡಿಎ ಕಾಯ್ದೆಯ ವ್ಯಾಖ್ಯೆಯಲ್ಲಿ ಮಾರುಕಟ್ಟೆ, ಅಂಚೆ ಕಚೇರಿ, ಬ್ಯಾಂಕು, ನ್ಯಾಯಬೆಲೆ ಅಂಗಡಿ, ಹಾಲಿನ ಬೂತು, ಶಾಲೆಗಳ ಸಾಲಿನಲ್ಲೇ ಔಷಧಾಲಯ, ಆಸ್ಪತ್ರೆ, ರೋಗಪರೀಕ್ಷಾ ಪ್ರಯೋಗಾಲಯ, ಹೆರಿಗೆ ಆಸ್ಪತ್ರೆಗಳೂ ಬರುತ್ತವೆ. ಧಾರ್ಮಿಕ, ಸಾಂಸ್ಕೃತಿಕ ಚಟುವಟಿಕೆಯ ಸಂಘಗಳಿಗೂ ಅದರಲ್ಲಿ ಎಡೆಯಿದೆ. ಔಷಧಾಲಯ ಕಡ್ಡಾಯವಲ್ಲ, ಕೇಳುವವರ ಸರತಿಯಲ್ಲಿ ಅದೂ ಒಂದು. 1989ರ ಹಂಚಿಕೆ ನಿಯಮಗಳ ಪ್ರಕಾರ ಇಂಥ ನಿವೇಶನವನ್ನು 30 ವರ್ಷದ ಗುತ್ತಿಗೆಗೆ ಕೊಡಲಾಗುತ್ತದೆ. ಬಡಾವಣೆ ಹೊಸದಾಗಿದ್ದಾಗ, ಜನ ವಿರಳವಾಗಿದ್ದಾಗ, ಅರ್ಜಿ ಹಿಡಿದು ಬಂದವರಿಗೆ ನಿವೇಶನ ಹೋಗುತ್ತದೆ. ರೋಗಿಗಳ ಸಾಲು ಬೆಳೆಯುವ ಹೊತ್ತಿಗೆ ಕೊಡಲು ನೆಲ ಉಳಿದಿರುವುದಿಲ್ಲ.

ಪ್ರಮಾಣದ ಲೆಕ್ಕ ಹೀಗಿದೆ. 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆ 2015ರ ಪ್ರಕಾರ ಹೊಸ ವಸತಿ ಬಡಾವಣೆಯಲ್ಲಿ ಮನೆಗಳಿಗೆ ಹೆಚ್ಚೆಂದರೆ ಶೇ. 55, ಉದ್ಯಾನ ಮತ್ತು ಬಯಲಿಗೆ ಶೇ. 10, ನಾಗರಿಕ ಸೌಲಭ್ಯಕ್ಕೆ ಶೇ. 5, ಉಳಿದದ್ದು ರಸ್ತೆಗೆ. ಆ ಶೇ. 5ರಲ್ಲಿ ಶಾಲೆ, ಸಮುದಾಯ ಭವನ, ಹಾಲಿನ ಬೂತು ಎಲ್ಲವೂ ಹೊಂದಿಕೊಳ್ಳಬೇಕು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಯೋಜನಾ ಮಾರ್ಗಸೂಚಿಗಳು 15,000 ಜನಕ್ಕೆ ಒಂದು ಔಷಧಾಲಯ, ಅದಕ್ಕೆ 0.08ರಿಂದ 0.12 ಹೆಕ್ಟೇರ್ ನೆಲ ಎನ್ನುತ್ತವೆ. ಬೆಂಗಳೂರಿನ ಅಳತೆಯಲ್ಲಿ ಹೇಳುವುದಾದರೆ ಅದು 30x40 ಅಡಿಯ ಏಳರಿಂದ ಹನ್ನೊಂದು ಸೈಟು. ಇದು ಅಲ್ಪವೆಂದು ಕಾಣಬಹುದು. ಆದರೆ ಉದಾಹರಣೆಗೆ 2,000 ಸೈಟುಗಳ ಒಂದು ಬಡಾವಣೆಯನ್ನು ತೆಗೆದುಕೊಂಡು ಸೈಟಿಗೊಂದು ಮನೆ, ಮನೆಗೆ ಐವರು ಎಂದು ಎಣಿಸಿದರೆ 10,000 ಜನ. ಔಷಧಾಲಯದ ಮಾನದಂಡ ಮುಟ್ಟುವುದೇ ಇಲ್ಲ. ಅದೇ ಸೈಟಿನಲ್ಲಿ ನೆಲಮಹಡಿಯೂ ಮೇಲೆ ಮೂರು ಮಹಡಿಯೂ ಬಂದು ನಾಲ್ಕು ಸಂಸಾರ ಸೇರಿದರೆ 40,000. ನಕ್ಷೆಯಲ್ಲಿ ಒಂದು ಗೆರೆಯೂ ಬದಲಾಗದೆ ಬಡಾವಣೆಗೆ ಎರಡು ಔಷಧಾಲಯಕ್ಕಿಂತ ಹೆಚ್ಚು ಬೇಕಾಯಿತು. ಮನೆಯೇ ಪಿ.ಜಿ., ಅಂದರೆ ಪೇಯಿಂಗ್ ಗೆಸ್ಟ್ ವಸತಿ, ಆದಲ್ಲಿ ಈ ಲೆಕ್ಕವೂ ಸಾಲದು. ಬಿಟಿಎಂನಲ್ಲಿ ಆದದ್ದು ಸರಿಸುಮಾರು ಇದೇ.

ಹಾಗಾದರೆ ಉದ್ಯಾನದ ಶೇ. 10ರಲ್ಲಿ ಒಂದು ಮೂಲೆ ತೆಗೆದುಕೊಂಡರೇನು? ಈ ಪ್ರಶ್ನೆಗೆ ಉತ್ತರ ಬಂದದ್ದು ನಗರದ ಉತ್ತರ ಭಾಗದ ಒಂದು ವ್ಯಾಜ್ಯದಲ್ಲಿ. ರಾಜಮಹಲ್ ವಿಲಾಸ ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು 1976ರಲ್ಲಿ ಸರ್ಕಾರದ ಆದೇಶದ ಮೇರೆಗೆ ಬಿಡಿಎ ಬೆಂಗಳೂರು ಮೆಡಿಕಲ್ ಟ್ರಸ್ಟ್‌ಗೆ ಆಸ್ಪತ್ರೆ ಕಟ್ಟಲು ಹಂಚಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ಜುಲೈನಲ್ಲಿ ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮೆನ್ ಮತ್ತು ಆರ್.ಎಂ. ಸಹಾಯ್ ನೀಡಿದ ತೀರ್ಪು ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ’ ಎಂಬ ಹೆಸರಿನಲ್ಲಿ ಪ್ರಸಿದ್ಧ. ಆಸ್ಪತ್ರೆಯೂ ಒಂದು ಸೌಲಭ್ಯವೇ, ಆದ್ದರಿಂದ ಅದಲುಬದಲು ತಪ್ಪಲ್ಲ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಯೋಜನೆಯಲ್ಲಿ ಬಯಲೆಂದು ಗುರುತಿಸಿದ್ದು ಬಯಲಾಗಿಯೇ ಇರಬೇಕು, ಖಾಸಗಿ ಆಸ್ಪತ್ರೆ ಅದಕ್ಕೆ ಬದಲಿಯಾಗದು, ತಮ್ಮ ಬಡಾವಣೆಯ ಉದ್ಯಾನಕ್ಕಾಗಿ ನ್ಯಾಯ ಕೇಳುವ ಹಕ್ಕು ನಿವಾಸಿಗಳಿಗಿದೆ ಎಂದಿತು. ಬಿಡಿಎ ಕಾಯ್ದೆಯ 38ಎ ಕಲಮು ಇದಕ್ಕೆ ಹೊಂದುತ್ತದೆ: ಉದ್ಯಾನ ಮತ್ತು ಆಟದ ಬಯಲನ್ನು ಬೇರೆ ಉದ್ದೇಶಕ್ಕೆ ವಿಲೇವಾರಿ ಮಾಡಿದರೆ ಅದು ಅಸಿಂಧು, ಸಿ.ಎ. ನಿವೇಶನವನ್ನು ಕಾದಿರಿಸಿದ ಉದ್ದೇಶಕ್ಕೆ ಮಾತ್ರ ಕೊಡಬಹುದು.

ಪರಿಸರದವರು ಈ ತೀರ್ಪನ್ನು ಗೆಲುವೆಂದು ಓದುತ್ತಾರೆ, ಅದು ಸರಿಯೂ ಹೌದು. ಆರೋಗ್ಯ ಯೋಜನೆಯ ಕಡೆಯಿಂದ ಓದಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ. ಬಡಾವಣೆ ಮಾಡುವ ದಿನ ಆಸ್ಪತ್ರೆಗೆ ನೆಲ ಬಿಡದಿದ್ದರೆ ಮುಂದೆ ಅದನ್ನು ಹುಟ್ಟಿಸುವ ಸುಲಭದ ದಾರಿ ಮುಚ್ಚಿದಂತೆ.

ಗ್ರಾಮಠಾಣಾಗಳ ಪಾಡು ಇನ್ನೂ ಬೇರೆ. ಬಡಾವಣೆ ಮಾಡುವಾಗ ಊರಿನ ಮನೆಗಳಿದ್ದ ಜಾಗವನ್ನು ಬಿಟ್ಟು ಸುತ್ತಲಿನ ಹೊಲವನ್ನು ಸ್ವಾಧೀನಪಡಿಸಿಕೊಳ್ಳುವುದು ವಾಡಿಕೆ. ಊರು ನಕ್ಷೆಯ ಹೊರಗೆ ಉಳಿದದ್ದರಿಂದ ಅದಕ್ಕೆ ಸಿ.ಎ. ಸೈಟಿಲ್ಲ. ಅನುಮೋದನೆಯಿಲ್ಲದೆ ಎದ್ದ ಕಂದಾಯ ಬಡಾವಣೆಗಳಲ್ಲೂ ಹಾಗೆಯೇ. ಸರ್ಕಾರಿ ಕೇಂದ್ರದ ಅಗತ್ಯ ಹೆಚ್ಚಿರುವ ಇಕ್ಕಟ್ಟಿನ ಓಣಿಗಳಲ್ಲೇ ಸರ್ಕಾರಿ ನೆಲ ಕಡಿಮೆ.

ಜನಸಂಖ್ಯೆಯ ಮಾನದಂಡಗಳು

1946ರ ಭೋರ್ ಸಮಿತಿ ತತ್ಕಾಲಕ್ಕೆ 40,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಸೂಚಿಸಿದಾಗ ಅದರ ಕಣ್ಣಿದ್ದದ್ದು ಹಳ್ಳಿಯ ಮೇಲೆ. ನಗರದ ಕೊಳೆಗೇರಿಗಳಿಗೆ ಜನಸಂಖ್ಯೆಗೆ ತಕ್ಕಂತೆ ನಾಲ್ಕು ಬಗೆಯ ಆರೋಗ್ಯ ಠಾಣೆಗಳನ್ನು ಹೇಳಿದ್ದು 1980ರ ದಶಕದ ಕೃಷ್ಣನ್ ಸಮಿತಿ. 1990ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಐಪಿಪಿ-8 (ಭಾರತ ಜನಸಂಖ್ಯಾ ಯೋಜನೆ) ಬೆಂಗಳೂರು, ಕಲ್ಕತ್ತ, ದೆಹಲಿ, ಹೈದರಾಬಾದುಗಳಲ್ಲಿ ನಡೆಯಿತು. ಪಾಲಿಕೆಯ ಆರೋಗ್ಯ ಕೇಂದ್ರಗಳ ಜಾಲಕ್ಕೆ ಅದು ಬಲ ಕೊಟ್ಟಿತು.

ಈಗಿನ ಅಳತೆಗೋಲು 2013ರ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ್ದು: ಸುಮಾರು 50,000 ಜನಕ್ಕೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, 10,000 ಜನಕ್ಕೆ ಒಬ್ಬ ಸಹಾಯಕ ಶುಶ್ರೂಷಕಿ-ಸೂಲಗಿತ್ತಿ, ಅಂದರೆ ಎಎನ್‌ಎಂ, ಮಹಾನಗರದಲ್ಲಿ 5 ಲಕ್ಷಕ್ಕೆ 100 ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ. ಹಳ್ಳಿಯಂತೆ ಇಲ್ಲಿ ಉಪಕೇಂದ್ರವಿಲ್ಲ. ಎಎನ್‌ಎಂ, ಆಶಾ ಕಾರ್ಯಕರ್ತೆಯರೇ ಮನೆ ಬಾಗಿಲಿಗೆ ಹೋಗಬೇಕು. ಪಿ.ಜಿ.ಯ ಬಾಗಿಲಲ್ಲಿ ಹಗಲು ಹೊತ್ತು ಬೀಗವೇ ಎದುರಾಗುತ್ತದೆ. ಕೇಂದ್ರ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ತೆರೆದಿರಲಿ ಎಂದು ಅಭಿಯಾನ ಸೂಚಿಸಿತ್ತು. ಕೂಲಿ ಬಿಟ್ಟು ಬರಲಾಗದವರ ನೆನಪು ಈ ಸೂಚನೆಯಲ್ಲಿತ್ತು.

ಎರಡು ಆಡಳಿತ

ಜಯನಗರ 4ನೇ ‘ಟಿ’ ಬ್ಲಾಕಿನ ಜನರಲ್ ಆಸ್ಪತ್ರೆ ರಾಜ್ಯ ಆರೋಗ್ಯ ಇಲಾಖೆಯದು, ಬನಶಂಕರಿಯ ರೆಫರಲ್ ಆಸ್ಪತ್ರೆ ಪಾಲಿಕೆಯದು. ಅತ್ತ 2007ರಲ್ಲಿ ಹಳೆಯ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ಬೊಮ್ಮನಹಳ್ಳಿ ನಗರಸಭೆಯೂ ಅದರಲ್ಲಿ ಕರಗಿತು. ಹಳೆಯ ಪಾಲಿಕೆಯ ವ್ಯಾಪ್ತಿಗೆ ಹೆರಿಗೆ ಆಸ್ಪತ್ರೆಗಳ ಬಳುವಳಿ ಇತ್ತು, ಹೊರವಲಯಕ್ಕೆ ಗ್ರಾಮೀಣ ವ್ಯವಸ್ಥೆಯ ಕೇಂದ್ರಗಳೇ ಗತಿ. ಜೆ.ಪಿ. ನಗರದಲ್ಲಿ ಒಳಗಿನ ಹಂತದಿಂದ ಹೊರಗಿನ ಹಂತಕ್ಕೆ ನಡೆದರೆ ಈ ಗಡಿಯನ್ನು ದಾಟಿದಂತೆ.

ಖಾಸಗಿ ವಲಯ

ಬನ್ನೇರುಘಟ್ಟ ರಸ್ತೆಯುದ್ದಕ್ಕೂ 2000ರ ನಂತರ ದೊಡ್ಡ ಖಾಸಗಿ ಆಸ್ಪತ್ರೆಗಳು ಬಂದವು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನೋಂದಣಿ ಮತ್ತು ಗುಣಮಟ್ಟವನ್ನು ನೋಡುತ್ತದೆ. ಯಾವ ಬೀದಿಗೆ ಆಸ್ಪತ್ರೆ ಬೇಕು ಎಂಬುದು ಅದರ ವಿಷಯವಲ್ಲ.

ನಮ್ಮ ಕ್ಲಿನಿಕ್

2022ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಚಾಲನೆಗೊಂಡ ನಮ್ಮ ಕ್ಲಿನಿಕ್ ಯೋಜನೆ ರಾಜ್ಯಕ್ಕೆ 438 ಕ್ಲಿನಿಕ್‌ಗಳ ಗುರಿ ಇಟ್ಟುಕೊಂಡಿತು. ಅವುಗಳಲ್ಲಿ 243 ಬೆಂಗಳೂರಿಗೆ. ಈ ಸಂಖ್ಯೆಯ ಮೂಲ ಗಮನಾರ್ಹ: ಆಗ ಪುನರ್ವಿಂಗಡಣೆಯಾಗಿದ್ದ ವಾರ್ಡುಗಳೂ 243. 10,000ದಿಂದ 20,000 ಜನಕ್ಕೊಂದು ಎಂಬುದು ಮಾನದಂಡ, ಹಂಚಿದ್ದು ವಾರ್ಡಿಗೊಂದರಂತೆ. ಒಬ್ಬ ವೈದ್ಯರು, ಒಬ್ಬ ಶುಶ್ರೂಷಕಿ, ಒಬ್ಬ ಪ್ರಯೋಗಾಲಯ ತಂತ್ರಜ್ಞ, ಒಬ್ಬ ಡಿ ದರ್ಜೆ ನೌಕರ. ಆರಂಭದಲ್ಲಿ ನಿಗದಿಯಾದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಾಗಿ ಬರುವ ಹಿರಿಯರಿಗೆ ಈ ವೇಳೆ ಒಗ್ಗುತ್ತದೆ, ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕೆಲಸದವರಿಗೆ ಒಗ್ಗುವುದಿಲ್ಲ. ಹಲವು ಕ್ಲಿನಿಕ್‌ಗಳು ಬಾಡಿಗೆ ಕಟ್ಟಡದಲ್ಲಿವೆ. ಇದನ್ನು ಕೊರತೆ ಎನ್ನುವುದು ವಾಡಿಕೆ, ಆದರೆ ಸಿ.ಎ. ನಿವೇಶನಕ್ಕೆ ಕಾಯದೆ ಗ್ರಾಮಠಾಣಾದೊಳಗೇ ಕೇಂದ್ರ ತೆರೆಯಲು ಬಾಡಿಗೆಯೇ ದಾರಿ ಮಾಡಿಕೊಡುತ್ತದೆ. ಮಾಲೀಕ ಒಪ್ಪಂದ ಮುಂದುವರಿಸದಿದ್ದರೆ ಕ್ಲಿನಿಕ್ ಬೀದಿ ಬದಲಿಸಬೇಕಾಗುತ್ತದೆ ಎಂಬುದೂ ನಿಜ.

ಎಣಿಕೆ

2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ ದಾಟಿತ್ತು. ಆನಂತರ ಜನಗಣತಿ ನಡೆಯದ ಕಾರಣ ಮಾನದಂಡದ ಭಾಗಾಕಾರಕ್ಕೆ ಅದೇ ಅಂಕಿ ಆಧಾರವಾಗಿ ಉಳಿಯಿತು. 2031ಕ್ಕೆಂದು 2017ರಲ್ಲಿ ಪ್ರಕಟಿಸಿದ್ದ ಕರಡು ಮಹಾಯೋಜನೆಯನ್ನು ಹಿಂತೆಗೆದುಕೊಂಡದ್ದರಿಂದ ನೆಲದ ಕಡೆಯಲ್ಲೂ 2015ರ ಯೋಜನೆಯೇ ಮುಂದುವರಿಯಿತು. 198 ಇದ್ದ ವಾರ್ಡುಗಳು 243 ಆಗಿ, ಮತ್ತೆ 225 ಎಂದಾಗಿ, 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದು ನಗರ ಪಾಲಿಕೆಗಳಾಗಿ ಒಡೆದ ಮೇಲೆ 369 ಆದವು. 243 ಕ್ಲಿನಿಕ್‌ಗಳು ತಮಗೆ ಲೆಕ್ಕ ಕೊಟ್ಟ ವಾರ್ಡುಗಳಿಗಿಂತ ಹೆಚ್ಚು ಬಾಳಿಕೆ ಬಂದಿವೆ. ಹೊಸ ವಾರ್ಡುಗಳ ಗಡಿಗೂ ಆರೋಗ್ಯ ಕೇಂದ್ರಗಳ ವ್ಯಾಪ್ತಿಗೂ ಹೊಂದಾಣಿಕೆ ಮಾಡುವ ಕೆಲಸಕ್ಕೆ 2027ರ ಜನಗಣತಿಯ ಅಂಕಿಗಳು ಬೇಕಾಗುತ್ತವೆ.