ಹೆಸರಿಲ್ಲದ ಬಟ್ಟಲು, ಹೆಸರಿರುವ ಪೆಟ್ಟಿಗೆ

ಜಪಾನಿನಲ್ಲಿ ಹೆಸರಾಂತ ಕುಂಬಾರನೊಬ್ಬನ ಕೈಯ ಬಟ್ಟಲನ್ನು ಕೊಂಡವರಿಗೆ ಅದರ ಜೊತೆಗೆ ಒಂದು ಮರದ ಪೆಟ್ಟಿಗೆಯೂ ಸಿಗುತ್ತದೆ. ಪೌಲೋನಿಯಾ ಎಂಬ ಹಗುರ ಮರದಿಂದ ಮಾಡಿದ, ಲಾಡಿ ಕಟ್ಟಿದ ಪೆಟ್ಟಿಗೆ ಅದು. ಮುಚ್ಚಳದ ಮೇಲೆ ಬಟ್ಟಲಿನ ವಿವರವನ್ನೂ ತನ್ನ ಹೆಸರನ್ನೂ ಕುಂಬಾರನೇ ಕುಂಚದಿಂದ ಬರೆದು ಕೆಂಪು ಮುದ್ರೆ ಒತ್ತಿರುತ್ತಾನೆ. ಇದನ್ನು 'ತೊಮೊಬಾಕೊ' ಎನ್ನುತ್ತಾರೆ. ಸಂಗ್ರಾಹಕರಲ್ಲಿ ಬಟ್ಟಲಿಗಿಂತ ಮೊದಲು ಪೆಟ್ಟಿಗೆಯನ್ನು ನೋಡುವವರೂ ಉಂಟು. ಪೆಟ್ಟಿಗೆ ಕಳೆದುಹೋದರೆ ಬಟ್ಟಲಿನ ಬೆಲೆಯೂ ಇಳಿಯುತ್ತದೆ.

ಸ್ವಾರಸ್ಯವೆಂದರೆ, ಇಪ್ಪತ್ತನೆಯ ಶತಮಾನದ ಜಪಾನಿನ ಇಬ್ಬರು ಅತಿ ಪ್ರಸಿದ್ಧ ಕುಂಬಾರರು ತಮ್ಮ ಪಾತ್ರೆಗಳ ಮೇಲೆ ಹೆಸರು ಹಾಕುವುದನ್ನೇ ಬಿಟ್ಟಿದ್ದರು. ಮಣ್ಣಿನ ಮೇಲೆ ಬೇಡವೆಂದ ಹೆಸರು ಮರದ ಮೇಲೆ ಬಂದು ಕುಳಿತದ್ದು ಹೇಗೆ?

ಕಥೆ ಶುರುವಾಗುವುದು ಕೊರಿಯಾದಲ್ಲಿ. ಹದಿನಾರನೆಯ ಶತಮಾನದ ಹೊತ್ತಿಗೆ ಜಪಾನಿನ ಚಹಾಗೋಷ್ಠಿಗಳ ರಸಿಕರು ಕೊರಿಯಾದ ಸಾಧಾರಣ ಬಟ್ಟಲುಗಳಿಗೆ ಮನಸೋತಿದ್ದರು. ಅಲ್ಲಿನ ಬಡವರು ಊಟಕ್ಕೆ ಬಳಸುತ್ತಿದ್ದವೆಂದು ಹೇಳಲಾಗುವ ಒರಟು ಬಟ್ಟಲುಗಳವು. ಮಾಡಿದವನು ಯಾರೆಂದು ಯಾರೂ ಬರೆದಿಟ್ಟಿರಲಿಲ್ಲ. ಅಂಥದ್ದೊಂದು ಬಟ್ಟಲಿಗೆ, ಒಮ್ಮೆ ಅದರ ಒಡೆಯನಾಗಿದ್ದ ವ್ಯಾಪಾರಿಯಿಂದಾಗಿ 'ಕಿಜಾಯೆಮೊನ್' ಎಂಬ ಹೆಸರು ಬಂತು. ಅದನ್ನು ಇಟ್ಟುಕೊಂಡವರಿಗೆ ಮೈಮೇಲೆ ಹುಣ್ಣು ಏಳುತ್ತದೆಂಬ ಪ್ರತೀತಿಯೂ ಹುಟ್ಟಿತು. ಕೊನೆಗೆ ಅದು ಕ್ಯೋಟೋದ ದಾಯ್ತೊಕುಜಿ ಆವರಣದ ಒಂದು ದೇವಾಲಯ ಸೇರಿತು. ಇಂದು ಅದು ಜಪಾನಿನ ರಾಷ್ಟ್ರೀಯ ನಿಧಿ. ಹೆಸರಿಲ್ಲದವನು ಮಾಡಿದ ಆ ಬಟ್ಟಲು ಈಗ ಪೆಟ್ಟಿಗೆಯೊಳಗಿನ ಪೆಟ್ಟಿಗೆಯಲ್ಲಿ ಮಲಗಿದೆ.

1931ರಲ್ಲಿ ಅದನ್ನು ಕಣ್ಣಾರೆ ಕಂಡವರಲ್ಲಿ ಯನಾಗಿ ಸೊಎತ್ಸು ಒಬ್ಬರು. ಅವರು ಕುಂಬಾರರಲ್ಲ, ಚಿಂತಕರು. 1914ರಲ್ಲಿ ಸೋಲ್‌ನಲ್ಲಿ ಮೇಷ್ಟರಾಗಿದ್ದ ಅಸಕಾವಾ ನೊರಿತಾಕಾ ಅವರು ಯನಾಗಿ ಬಳಿಯಿದ್ದ ಫ್ರೆಂಚ್ ಶಿಲ್ಪಿ ರೋದೆನ್‌ನ ಶಿಲ್ಪಗಳನ್ನು ನೋಡಲು ಬಂದರು. ಬರುವಾಗ ಉಡುಗೊರೆಯಾಗಿ ಕೊರಿಯಾದ ಒಂದು ಪಿಂಗಾಣಿ ಜಾಡಿ ತಂದಿದ್ದರು. ಆ ಜಾಡಿಯೇ ಯನಾಗಿ ಅವರ ಬದುಕಿನ ದಿಕ್ಕನ್ನು ಬದಲಿಸಿತು. ಕೊರಿಯಾ ಆಗ ಜಪಾನಿನ ಆಳ್ವಿಕೆಯಲ್ಲಿತ್ತು. ಆಳಿಸಿಕೊಳ್ಳುವವರ ಅಡುಗೆಮನೆಯ ಪಾತ್ರೆಗಳಲ್ಲಿ ಆಳುವವರ ನಾಡಿನ ಒಬ್ಬ ವ್ಯಕ್ತಿ ಸೌಂದರ್ಯ ಕಂಡದ್ದು ಸಣ್ಣ ಮಾತಲ್ಲ. 1924ರಲ್ಲಿ ಅವರು ಸೋಲ್‌ನಲ್ಲಿ ಕೊರಿಯಾದ ಜನಕಲೆಗೆಂದೇ ಒಂದು ವಸ್ತುಸಂಗ್ರಹಾಲಯ ತೆರೆದರು.

ಮರುವರ್ಷ ಯನಾಗಿ, ಹಮಾದಾ ಶೋಜಿ ಮತ್ತು ಕವಾಯ್ ಕಂಜಿರೊ ಸೇರಿ 'ಮಿಂಗೆಯ್' ಎಂಬ ಹೊಸ ಪದವನ್ನೇ ಟಂಕಿಸಿದರು. ಜನಸಾಮಾನ್ಯರ ಕಲೆ ಎಂದು ಅದರ ಅರ್ಥ. ದಿನಬಳಕೆಯ, ಕಡಿಮೆ ಬೆಲೆಯ, ಹೆಸರಿನ ಹಂಬಲವಿಲ್ಲದ ಕೈಗಳು ಮಾಡಿದ ವಸ್ತುವೇ ನಿಜವಾಗಿ ಸುಂದರ ಎಂಬುದು ಅವರ ವಾದ. 1936ರಲ್ಲಿ ಟೋಕಿಯೋದಲ್ಲಿ ಇಂಥ ವಸ್ತುಗಳಿಗಾಗಿ ಜನಕಲಾ ಸಂಗ್ರಹಾಲಯ ಆರಂಭವಾಯಿತು. ಅದು ಇಂದಿಗೂ ಇದೆ.

ಹಮಾದಾ ಮತ್ತು ಕವಾಯ್ ಇಬ್ಬರೂ ಓದಿದ ಕುಂಬಾರರು. ಟೋಕಿಯೋದ ತಾಂತ್ರಿಕ ವಿದ್ಯಾಲಯದಲ್ಲಿ ಮಣ್ಣು, ಮೆರುಗುಗಳ ಶಾಸ್ತ್ರ ಕಲಿತವರು. ಹಮಾದಾ 1920ರಲ್ಲಿ ಗೆಳೆಯ ಬರ್ನಾರ್ಡ್ ಲೀಚ್ ಜೊತೆ ಇಂಗ್ಲೆಂಡಿಗೆ ಹೋಗಿ ಸೇಂಟ್ ಐವ್ಸ್‌ನಲ್ಲಿ ಆವಿಗೆ ಕಟ್ಟಿದರು. ಹಿಂದಿರುಗಿದ ಮೇಲೆ, ಅಡುಗೆ ಪಾತ್ರೆಗಳಿಗೆ ಹೆಸರಾದ ಮಶಿಕೊ ಎಂಬ ಊರಿನಲ್ಲಿ ನೆಲೆಸಿ ತಮ್ಮ ಪಾತ್ರೆಗಳಿಗೆ ಮುದ್ರೆ ಒತ್ತುವುದನ್ನು ನಿಲ್ಲಿಸಿದರು. ಕ್ಯೋಟೋದ ಕವಾಯ್ ಕೂಡ ಹಾಗೆಯೇ ಮಾಡಿದರು.

ಆದರೆ ಹೆಸರು ಬಿಟ್ಟವರನ್ನು ಹೆಸರು ಬಿಡಲಿಲ್ಲ. ಸರ್ಕಾರ 1955ರಲ್ಲಿ ಹಮಾದಾ ಅವರಿಗೆ, ಜನ 'ಜೀವಂತ ರಾಷ್ಟ್ರನಿಧಿ' ಎಂದು ಕರೆಯುವ ಮನ್ನಣೆ ನೀಡಿತು. ಕವಾಯ್ ಇಂಥ ಮನ್ನಣೆಯನ್ನು ನಿರಾಕರಿಸಿದರು. ಆದರೂ ಕೊಳ್ಳುವವರಿಗೆ ಗುರುತು ಬೇಕಲ್ಲ! ಪಾತ್ರೆಯ ಅಡಿಯಲ್ಲಿಲ್ಲದ ಹೆಸರು ಪೆಟ್ಟಿಗೆಯ ಮುಚ್ಚಳಕ್ಕೆ ಏರಿತು. ಕುಂಬಾರ ತೀರಿಕೊಂಡ ಮೇಲೆ ಅವನ ಮಕ್ಕಳೋ ಶಿಷ್ಯರೋ ಪಾತ್ರೆ ಪರೀಕ್ಷಿಸಿ ಪೆಟ್ಟಿಗೆಯ ಮೇಲೆ ಬರೆದುಕೊಡುವ ಪದ್ಧತಿಯೂ ಇದೆ.

ಹೆಸರನ್ನು ನಂಬಿದರೆ ಏನಾಗುತ್ತದೆಂಬುದಕ್ಕೂ ಜಪಾನಿನಲ್ಲೇ ಉದಾಹರಣೆಯಿದೆ. 1294ನೇ ಇಸವಿಗೆ ಸರಿಹೊಂದುವ ತೇದಿ ಕೆತ್ತಿದ ಜಾಡಿಯೊಂದನ್ನು ಸರ್ಕಾರ 1959ರಲ್ಲಿ 'ಮಹತ್ವದ ಸಾಂಸ್ಕೃತಿಕ ಆಸ್ತಿ' ಎಂದು ಘೋಷಿಸಿತು. ಸ್ವಲ್ಪದರಲ್ಲೇ ಅನುಮಾನ ಎದ್ದಿತು. ಅದು ತನ್ನದೇ ಕೈಕೆಲಸವೆಂದು ಕಾತೊ ತೊಕುರೊ ಎಂಬ ಪ್ರಸಿದ್ಧ ಕುಂಬಾರ ಹೇಳಿದ. 1961ರಲ್ಲಿ ಘೋಷಣೆ ರದ್ದಾಯಿತು. ಜಾಡಿ ಎರಡು ವರ್ಷಗಳ ಹಿಂದೆ ಹೇಗಿತ್ತೋ ಹಾಗೆಯೇ ಇತ್ತು, ಬದಲಾದದ್ದು ತೇದಿ ಮತ್ತು ಹೆಸರು ಮಾತ್ರ.

ಈ ಚಳವಳಿಯ ಗಾಳಿ ನಮ್ಮ ದೇಶಕ್ಕೂ ಬೀಸಿದೆ. 1919ರಲ್ಲಿ ಜಪಾನಿಗೆ ಕಲಿಯಲು ಹೋದ ಗುರುಚರಣ್ ಸಿಂಗ್ ಅಲ್ಲಿ ಯನಾಗಿ, ಲೀಚ್, ಹಮಾದಾ, ಕವಾಯ್ ಇವರ ಒಡನಾಟ ಪಡೆದರು. 1952ರಲ್ಲಿ ಅವರು ದೆಹಲಿಯಲ್ಲಿ ತೆರೆದ ಡೆಲ್ಲಿ ಬ್ಲೂ ಪಾಟರಿ ಭಾರತದ ಆಧುನಿಕ ಕುಂಬಾರಿಕೆಯ ತವರುಮನೆಗಳಲ್ಲಿ ಒಂದು. 1991ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಹಾಗಾದರೆ ಸಂಗ್ರಾಹಕ ಮಾಡಬೇಕಾದ್ದೇನು? ಯನಾಗಿ ಹೇಳುತ್ತಿದ್ದುದು ಇಷ್ಟೇ: ಮೊದಲು ನೋಡು, ತಿಳಿದುಕೊಳ್ಳುವುದು ಆಮೇಲೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅದರ ತೂಕ, ತುಟಿಗೆ ತಾಗುವ ಅಂಚು, ಬೆರಳು ಕೂರುವ ಅಡಿಯನ್ನು ಅರಿಯಬೇಕು. ಅದರಲ್ಲಿ ಚಹಾ ಕುಡಿಯಬೇಕು. ಪೆಟ್ಟಿಗೆಯ ಮೇಲಿನ ಜಪಾನಿ ಬರಹ ಓದಲು ಬಾರದ ನಮ್ಮಂಥವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ನಾವು ಬಟ್ಟಲನ್ನಷ್ಟೇ ನೋಡಬಹುದು.