ಪಾಸಿಟಿವ್ ಬಂದ ಬೆಕ್ಕುಗಳು

ಬೆಕ್ಕಿನ ಬಗ್ಗೆ ಬರೀತೀನಿ ಅಂದ ಕೂಡಲೇ ಫೋಟೋ ಎಲ್ಲಿ ಅಂತ ಕೇಳ್ತೀರಿ, ಗೊತ್ತು. ಈ ಸಲ ಫೋಟೋ ಇಲ್ಲ. ಇದು ಒಂದು ರಕ್ತಪರೀಕ್ಷೆಯ ಕಥೆ. ಬೆಕ್ಕುಗಳಿಗೆ ಬರುವ ಲ್ಯುಕೇಮಿಯಾ ವೈರಸ್ (ಪಶುವೈದ್ಯರು ಚಿಕ್ಕದಾಗಿ ಫೆಲ್‌ವಿ ಅಂತಾರೆ) ಇದೆಯೋ ಇಲ್ಲವೋ ಅಂತ ಹೇಳುವ ಪರೀಕ್ಷೆ. ಮೂರು ಹನಿ ರಕ್ತ, ಹತ್ತು ನಿಮಿಷ, ಒಂದು ನೀಲಿ ಚುಕ್ಕೆ. ಆ ಚುಕ್ಕೆ ಮೂಡಿದರೆ ಏನು ಅರ್ಥ ಅನ್ನೋದು ಕಳೆದ ಐವತ್ತು ವರ್ಷದಲ್ಲಿ ಎಷ್ಟು ಬದಲಾಗಿದೆ ಅಂತ ಓದ್ತಾ ಓದ್ತಾ ನನಗೆ ನಿದ್ದೆ ಬಿಟ್ಟುಹೋಯ್ತು. ಅದಕ್ಕೇ ಇಲ್ಲಿ ಬರೆದು ಹಾಕ್ತಿದ್ದೀನಿ.

ಕಥೆ ಶುರುವಾಗೋದು ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ, 1960ರ ದಶಕದ ಮೊದಲ ವರ್ಷಗಳಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಪಶುವೈದ್ಯ ಶಾಲೆಯಲ್ಲಿ ವಿಲಿಯಂ ಜ್ಯಾರೆಟ್ ಅಂತ ಒಬ್ಬ ರೋಗಶಾಸ್ತ್ರಜ್ಞ ಇದ್ದರು. ಗ್ಲಾಸ್ಗೋದಲ್ಲೇ 1928ರಲ್ಲಿ ಹುಟ್ಟಿದವರು. ಅಷ್ಟು ಹೊತ್ತಿಗಾಗಲೇ ದನಗಳ ಶ್ವಾಸಕೋಶದ ಹುಳಕ್ಕೆ ಲಸಿಕೆ ಕಂಡುಹಿಡಿದ ತಂಡದಲ್ಲಿದ್ದು ಹೆಸರು ಮಾಡಿದ್ದರು. ಹುಳದ ಮರಿಗಳನ್ನ ಎಕ್ಸ್‌ರೇಗೆ ಒಡ್ಡಿ, ಅರೆಜೀವ ಮಾಡಿ, ದನಕ್ಕೆ ಕುಡಿಸೋದು! ಅದೇ ಒಂದು ಬೇರೆ ಬರಹಕ್ಕಾಗುವಷ್ಟಿದೆ, ಇರಲಿ.

ಊರಿನ ಪಶುವೈದ್ಯರೊಬ್ಬರ ಮೂಲಕ ಜ್ಯಾರೆಟ್ ಕಿವಿಗೆ ಒಂದು ವಿಚಿತ್ರ ಸಂಗತಿ ಬಿತ್ತು. ಒಂದೇ ಮನೆಯಲ್ಲಿ ಸಾಕಿದ್ದ ಹಲವು ಬೆಕ್ಕುಗಳು ಒಂದಾದ ಮೇಲೊಂದು ಲಿಂಫೋಸಾರ್ಕೋಮಾ ಅನ್ನೋ ಕ್ಯಾನ್ಸರಿನಿಂದ ಸಾಯ್ತಾ ಇದ್ದವು. ಆ ಬೆಕ್ಕುಗಳು ಒಂದಕ್ಕೊಂದು ರಕ್ತಸಂಬಂಧಿಗಳಾಗಿರಲಿಲ್ಲ. ಹಾಗಾದರೆ ಕ್ಯಾನ್ಸರ್ ನೆಗಡಿಯ ಹಾಗೆ ಅಂಟಿಕೊಳ್ತಿದೆಯಾ?

ಈಗ ಕೇಳಿದರೆ ಸಹಜ ಪ್ರಶ್ನೆ ಅನ್ನಿಸುತ್ತೆ. ಆಗ ಹಾಗಿರಲಿಲ್ಲ. ಕೋಳಿಗಳಲ್ಲಿ ಲ್ಯುಕೇಮಿಯಾ ವೈರಸ್ಸಿನಿಂದ ಬರುತ್ತೆ ಅಂತ ಡೆನ್ಮಾರ್ಕಿನ ಎಲ್ಲರ್ಮನ್ ಮತ್ತು ಬಾಂಗ್ 1908ರಲ್ಲೇ ತೋರಿಸಿದ್ದರು. 1911ರಲ್ಲಿ ಪೇಟನ್ ರೌಸ್ ಕೋಳಿಯ ಇನ್ನೊಂದು ಕ್ಯಾನ್ಸರಿಗೂ ಅದನ್ನೇ ತೋರಿಸಿದರು. ಆದರೆ ಅದು ಕೋಳಿ ಬಿಡಿ ಅಂದುಬಿಟ್ಟರು ಜನ. 1951ರಲ್ಲಿ ಲುಡ್ವಿಕ್ ಗ್ರಾಸ್ ಇಲಿಗಳಲ್ಲಿ ತೋರಿಸಿದಾಗ, ಅದು ಲ್ಯಾಬಿನಲ್ಲಿ ಒಳಗೊಳಗೇ ಸಂಕರ ಮಾಡಿಸಿದ ಇಲಿ ಬಿಡಿ ಅಂದರು. ರೌಸ್‌ಗೆ ನೊಬೆಲ್ ಬಂದಿದ್ದು 1966ರಲ್ಲಿ. ಐವತ್ತೈದು ವರ್ಷ ಕಾದಿದ್ದರು ಪುಣ್ಯಾತ್ಮ!

ಜ್ಯಾರೆಟ್ ಮುಂದೆ ಇದ್ದಿದ್ದು ಲ್ಯಾಬಿನ ಪ್ರಾಣಿ ಅಲ್ಲ. ಸೋಫಾ ಮೇಲೆ ಮಲಗೋ ಬೆಕ್ಕು. ಅವರ ತಂಡ ಸತ್ತ ಬೆಕ್ಕಿನ ಗಡ್ಡೆಯ ಅಂಶವನ್ನ ಮರಿಬೆಕ್ಕುಗಳಿಗೆ ಚುಚ್ಚಿತು. ಅವಕ್ಕೂ ಅದೇ ಕ್ಯಾನ್ಸರ್ ಬಂತು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಜೀವಕೋಶದ ಅಂಚಿನಿಂದ ಮೊಗ್ಗಿನ ಹಾಗೆ ಹೊರಬರ್ತಿರೋ ಕಣಗಳು. 1964ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. "ವೈರಸ್" ಅಂತ ಹೇಳದೆ "ವೈರಸ್ಸಿನಂಥ ಕಣ" ಅಂತ ಶೀರ್ಷಿಕೆ ಕೊಟ್ಟಿದ್ದರು. ಆ ಎಚ್ಚರಿಕೆ ನನಗೆ ಇಷ್ಟ ಆಯ್ತು.

ಇಲ್ಲಿಂದ ಮುಂದೆ ಕಥೆ ಸ್ವಲ್ಪ ಕಹಿ. ಬೆಕ್ಕಿನ ಈ ವೈರಸ್ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಜೀವಕೋಶಗಳಲ್ಲೂ ಬೆಳೆಯುತ್ತೆ ಅಂತ 1969ರಲ್ಲಿ ಗ್ಲಾಸ್ಗೋದಿಂದಲೇ ವರದಿ ಬಂತು. ತಟ್ಟೆಯಲ್ಲಿ ಬೆಳೆಯೋದು ಬೇರೆ, ದೇಹದಲ್ಲಿ ರೋಗ ತರೋದು ಬೇರೆ. ಆದರೆ ಮನೆಯಲ್ಲಿ ಮಗು ಇರುವ ತಾಯಿಗೆ ಆ ವ್ಯತ್ಯಾಸ ಹೇಳೋದು ಹೇಗೆ? ಬೆಕ್ಕಿನಿಂದ ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬರಬಹುದಾ ಅನ್ನೋ ಭಯ ಹಬ್ಬಿತು. ಆಮೇಲೆ ಎಷ್ಟೋ ಅಧ್ಯಯನ ನಡೆದವು, ಬೆಕ್ಕುಗಳ ಮಧ್ಯೆಯೇ ದಿನ ಕಳೆಯುವ ಪಶುವೈದ್ಯರನ್ನೂ ಪರೀಕ್ಷಿಸಿದರು. ಈ ವೈರಸ್ ಮನುಷ್ಯರಿಗೆ ರೋಗ ತರುತ್ತೆ ಅನ್ನೋದಕ್ಕೆ ಇವತ್ತಿನವರೆಗೂ ಪುರಾವೆ ಸಿಕ್ಕಿಲ್ಲ. ಆದರೆ ಈ ಸಮಾಧಾನ ಬಂದಿದ್ದು ನಿಧಾನವಾಗಿ, ಪರೀಕ್ಷೆ ಬಂದಿದ್ದು ಬೇಗ.

ಪರೀಕ್ಷೆ ತಂದವರು ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಸಂಸ್ಥೆಯ ಪಶುವೈದ್ಯ ವಿಲಿಯಂ ಹಾರ್ಡಿ. ಬೆಕ್ಕಿನ ಒಂದು ತೊಟ್ಟು ರಕ್ತವನ್ನ ಗಾಜಿನ ಮೇಲೆ ಸವರಿ ಒಣಗಿಸಬೇಕು. ವೈರಸ್ಸಿನ ಪ್ರೋಟೀನಿಗೆ ಅಂಟಿಕೊಳ್ಳುವ, ಬಣ್ಣ ಕಟ್ಟಿದ ಪ್ರತಿಕಾಯ ಹಾಕಬೇಕು. ಸೋಂಕಿದ್ದರೆ ಬಿಳಿ ರಕ್ತಕಣಗಳು ಮೈಕ್ರೋಸ್ಕೋಪಿನಡಿ ಹಸಿರಾಗಿ ಹೊಳೆಯುತ್ತವೆ. ಅಷ್ಟೇ. ಒಣಗಿದ ಗಾಜನ್ನ ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸಿದರೂ ಆಗುತ್ತಿತ್ತು. 1973ರಲ್ಲಿ ಹಾರ್ಡಿ ಮತ್ತು ಸಂಗಡಿಗರು ಈ ಪರೀಕ್ಷೆ ಇಟ್ಟುಕೊಂಡೇ ವೈರಸ್ ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತೆ ಅಂತ ಸಾಬೀತು ಮಾಡಿದರು. ಮುಖ್ಯವಾಗಿ ಎಂಜಲಿನಿಂದ. ಒಂದೇ ತಟ್ಟೆ, ಒಂದನ್ನೊಂದು ನೆಕ್ಕಿಕೊಳ್ಳೋದು, ತಾಯಿಯಿಂದ ಮರಿಗೆ... ಅಂದರೆ ಬೆಕ್ಕುಗಳು ಪ್ರೀತಿ ತೋರಿಸೋ ದಾರಿಯಲ್ಲೇ ರೋಗ ಹೋಗುತ್ತೆ.

ಆಮೇಲೆ ಹಾರ್ಡಿ ಒಂದು ಕಾರ್ಯಕ್ರಮ ಹಾಕಿಕೊಟ್ಟರು. ಮನೆಯ ಎಲ್ಲ ಬೆಕ್ಕುಗಳನ್ನೂ ಪರೀಕ್ಷಿಸಿ, ಪಾಸಿಟಿವ್ ಬಂದವನ್ನ ತೆಗೆಯಿರಿ, ಉಳಿದವನ್ನ ಮತ್ತೆ ಮತ್ತೆ ಪರೀಕ್ಷಿಸಿ. ಇದು ಕೆಲಸ ಮಾಡಿತು, ಅನುಮಾನವೇ ಇಲ್ಲ. ಸೋಂಕಿನ ಬೆಕ್ಕನ್ನ ಬೇರೆ ಮಾಡಿದ ಮನೆಗಳಲ್ಲಿ ಉಳಿದವು ಹೆಚ್ಚುಕಮ್ಮಿ ಎಲ್ಲವೂ ಬಚಾವಾದವು. ಬ್ರಿಟನ್ನಿನ ತಳಿ ಬೆಕ್ಕು ಸಾಕುವವರೂ ಇದೇ ದಾರಿ ಹಿಡಿದು ತಮ್ಮ ಬೆಕ್ಕುಮನೆಗಳಿಂದ ಈ ರೋಗವನ್ನ ಬಹುಮಟ್ಟಿಗೆ ಓಡಿಸಿದರು.

ಆದರೆ "ತೆಗೆಯಿರಿ" ಅನ್ನೋ ಪದ ನೋಡಿ. ತೆಗೆದು ಎಲ್ಲಿಡೋದು? ಪಾಸಿಟಿವ್ ಬೆಕ್ಕನ್ನ ಯಾರು ತಗೋತಾರೆ? ಎಷ್ಟೋ ಕಡೆ ಆ ಪದದ ಅರ್ಥ ಒಂದೇ ಆಯ್ತು, ಸೂಜಿ. ಓಡಾಡಿಕೊಂಡು, ತಿಂದುಕೊಂಡು, ಬಾಲ ಎತ್ತಿಕೊಂಡು ಇದ್ದ ಬೆಕ್ಕುಗಳನ್ನ ಒಂದು ಚೀಟಿ ನೋಡಿ ಮಲಗಿಸಿದರು. ಹಾಗೆ ಸತ್ತವು ಎಷ್ಟು ಅಂತ ಯಾರೂ ಎಣಿಸಿಟ್ಟಿಲ್ಲ. ನಾನು ಹಾರ್ಡಿಯವರನ್ನ ದೂರೋದಿಲ್ಲ. ಲಸಿಕೆ ಇರಲಿಲ್ಲ, ಔಷಧಿ ಇರಲಿಲ್ಲ, ರಕ್ತದಲ್ಲಿ ವೈರಸ್ ನೆಲೆನಿಂತ ಬೆಕ್ಕುಗಳಲ್ಲಿ ಹೆಚ್ಚಿನವು ಮೂರು-ನಾಲ್ಕು ವರ್ಷದೊಳಗೆ ಸಾಯ್ತಿದ್ದವು. ಒಂದನ್ನ ಬಿಟ್ಟುಕೊಟ್ಟು ಹತ್ತನ್ನ ಉಳಿಸಿಕೊಳ್ಳೋ ಲೆಕ್ಕ. ಆದರೆ ಲೆಕ್ಕ ಹಾಕೋ ಮೊದಲು ಪರೀಕ್ಷೆ ನಿಜ ಹೇಳ್ತಿದೆಯಾ ಅಂತ ಕೇಳಬೇಕಿತ್ತಲ್ಲ? ಆ ಮಾತಿಗೆ ಆಮೇಲೆ ಬರ್ತೀನಿ.

ಅದಕ್ಕೆ ಮುಂಚೆ, ಈ ಬೆಕ್ಕುಗಳು ಮನುಷ್ಯರಿಗೆ ಮಾಡಿದ ಒಂದು ಉಪಕಾರ ಹೇಳಲೇಬೇಕು. ಹೆಸರು ಲ್ಯುಕೇಮಿಯಾ ವೈರಸ್ ಅಂತ ಇದ್ದರೂ ಸೋಂಕಿನ ಬೆಕ್ಕುಗಳಲ್ಲಿ ಬಹಳಷ್ಟು ಲ್ಯುಕೇಮಿಯಾದಿಂದ ಸಾಯ್ತಿರಲಿಲ್ಲ. ಬಾಯಿ ಹುಣ್ಣು, ನ್ಯುಮೋನಿಯಾ, ರಕ್ತಹೀನತೆ, ಬೇರೆ ಬೆಕ್ಕಿಗೆ ಏನೂ ಮಾಡದ ಸಣ್ಣ ಸೋಂಕು. ವೈರಸ್ ದೇಹದ ರಕ್ಷಣೆಯನ್ನೇ ಕೆಡವಿಬಿಡುತ್ತೆ ಅಂತ 70ರ ದಶಕದಲ್ಲಿ ಹಾರ್ವರ್ಡಿನ ಮ್ಯಾಕ್ಸ್ ಎಸೆಕ್ಸ್, ಬಾಸ್ಟನ್ನಿನ ಪಶುವೈದ್ಯೆ ಸೂಸನ್ ಕಾಟರ್ ಮುಂತಾದವರು ಗುರುತಿಸಿದರು. ಎಸೆಕ್ಸ್ ಕೈಕೆಳಗೆ ಡಾನ್ ಫ್ರಾನ್ಸಿಸ್ ಅಂತ ಒಬ್ಬ ಡಾಕ್ಟರು ಬೆಕ್ಕಿನ ಎಂಜಲಿನಲ್ಲಿ ಎಷ್ಟು ವೈರಸ್ ಇರುತ್ತೆ ಅಂತ ಅಳೆಯೋ ಕೆಲಸ ಮಾಡಿದ್ದರು. 1981ರಲ್ಲಿ ಅಮೆರಿಕದ ಸಿಡಿಸಿಯಲ್ಲಿದ್ದ ಇದೇ ಫ್ರಾನ್ಸಿಸ್‌ಗೆ, ತರುಣರು ಯಾವುದೋ ವಿಚಿತ್ರ ನ್ಯುಮೋನಿಯಾದಿಂದ ಸಾಯ್ತಿದ್ದಾರೆ ಅನ್ನೋ ವರದಿ ಓದಿದಾಗ ನೆನಪಾಗಿದ್ದು ಬೆಕ್ಕುಗಳು. ಇದೂ ಅದೇ ಜಾತಿಯ ವೈರಸ್ ಇರಬೇಕು ಅಂತ ತೀರಾ ಮೊದಲೇ ಊಹಿಸಿದವರಲ್ಲಿ ಫ್ರಾನ್ಸಿಸ್, ಎಸೆಕ್ಸ್ ಇಬ್ಬರೂ ಇದ್ದಾರೆ. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಸಿಕ್ಕಿದ ವೈರಸ್ಸೂ ರೆಟ್ರೋವೈರಸ್ಸೇ ಆಗಿತ್ತು. ಈಗ ಅದನ್ನ ಎಚ್‌ಐವಿ ಅಂತೀವಿ. ಅದರ ಮೊದಲ ಔಷಧಿ ಎಜಡ್‌ಟಿ. ಅದನ್ನ 1964ರಲ್ಲಿ, ಅಂದರೆ ಜ್ಯಾರೆಟ್ ಬೆಕ್ಕಿನ ವೈರಸ್ ಕಂಡ ವರ್ಷವೇ, ಜೆರೋಮ್ ಹಾರ್ವಿಟ್ಸ್ ಕ್ಯಾನ್ಸರಿಗಾಗಿ ತಯಾರಿಸಿ, ಉಪಯೋಗ ಕಾಣದೆ ಬದಿಗಿಟ್ಟಿದ್ದರು. ಎಚ್‌ಐವಿಗೆ ಬಂದ ಆ ಮಾತ್ರೆಯನ್ನ ಆಮೇಲೆ ಫೆಲ್‌ವಿ ಬೆಕ್ಕುಗಳಿಗೂ ಕೊಟ್ಟು ನೋಡಿದರು. ಸ್ವಲ್ಪ ಉಪಯೋಗ ಆಗುತ್ತೆ, ವಾಸಿ ಮಾಡೋದಿಲ್ಲ.

ಲಸಿಕೆ ಬಂದಿದ್ದು 1985ರಲ್ಲಿ, ಅಮೆರಿಕದಲ್ಲಿ. ಅದರ ಕಥೆ ಉದ್ದ, ಒಂದು ವಿಷಯ ಮಾತ್ರ ಹೇಳ್ತೀನಿ. ಲಸಿಕೆ ಚುಚ್ಚಿದ ಜಾಗದಲ್ಲಿ ಅಪರೂಪಕ್ಕೆ ಬೆಕ್ಕುಗಳಿಗೆ ಗಡ್ಡೆ ಬರುತ್ತೆ ಅಂತ 1991ರಲ್ಲಿ ಗಮನಕ್ಕೆ ಬಂತು. ಹೆಗಲ ನಡುವೆ ಬಂದರೆ ಕತ್ತರಿಸಿ ತೆಗೆಯೋದು ಕಷ್ಟ, ಕಾಲಿನಲ್ಲಾದರೆ ಕಾಲು ಹೋದರೂ ಬೆಕ್ಕು ಉಳಿಯುತ್ತೆ. ಅದಕ್ಕೇ ಲ್ಯುಕೇಮಿಯಾ ಲಸಿಕೆ ಎಡ ಹಿಂಗಾಲಿಗೆ, ರೇಬಿಸ್ ಲಸಿಕೆ ಬಲ ಹಿಂಗಾಲಿಗೆ ಅಂತ ಅಲ್ಲಿನ ವೈದ್ಯರು ರೂಢಿ ಮಾಡಿಕೊಂಡರು. ಲೆಫ್ಟ್‌ಗೆ ಲ್ಯುಕೇಮಿಯಾ, ರೈಟ್‌ಗೆ ರೇಬಿಸ್. ಕ್ರೂರ ಅನ್ನಿಸಿದರೂ ಒಳ್ಳೆ ಬುದ್ಧಿ.

ಈಗ ಆ ಲೆಕ್ಕಕ್ಕೆ ಬರೋಣ. 80ರ ದಶಕದಲ್ಲಿ ಎಲೈಸಾ ಕಿಟ್‌ಗಳು ಬಂದು ಪರೀಕ್ಷೆ ದೂರದ ಲ್ಯಾಬಿನಿಂದ ಕ್ಲಿನಿಕ್ಕಿನ ಟೇಬಲ್ಲಿಗೆ ಇಳಿಯಿತು. ಅದು ಹುಡುಕೋದು ರಕ್ತದಲ್ಲಿ ತೇಲುವ ಪಿ27 ಅನ್ನೋ ವೈರಸ್ ಪ್ರೋಟೀನ್. ಒಂದು ಊಹೆ ಮಾಡಿ. ಸಾವಿರ ಬೆಕ್ಕುಗಳಲ್ಲಿ ಹತ್ತಕ್ಕೆ ನಿಜವಾಗಿ ಸೋಂಕಿದೆ. ಕಿಟ್ ಆ ಹತ್ತನ್ನೂ ಹಿಡಿಯುತ್ತೆ ಅಂತಿಟ್ಟುಕೊಳ್ಳಿ. ಆರೋಗ್ಯವಂತ ಬೆಕ್ಕುಗಳ ವಿಷಯದಲ್ಲಿ ನೂರಕ್ಕೆ ಎರಡು ಸಲ ಸುಳ್ಳು ಹೇಳುತ್ತೆ. 990ರಲ್ಲಿ ನೂರಕ್ಕೆ ಎರಡು ಅಂದರೆ ಇಪ್ಪತ್ತು. ಒಟ್ಟು ಮೂವತ್ತು ಪಾಸಿಟಿವ್, ಅದರಲ್ಲಿ ಇಪ್ಪತ್ತು ಸುಳ್ಳು! ಕೆಟ್ಟ ಕಿಟ್ ಅಲ್ಲ ಅದು, ನೂರಕ್ಕೆ ತೊಂಬತ್ತೆಂಟು ಸರಿ ಹೇಳೋ ಕಿಟ್. ಕಾಯಿಲೆ ಅಪರೂಪ ಆದಷ್ಟೂ ಪಾಸಿಟಿವ್ ಅನ್ನೋ ಮಾತಿನ ಬೆಲೆ ಇಳಿಯುತ್ತೆ. ಪರೀಕ್ಷೆ ಮಾಡಿ ಮಾಡಿ ರೋಗ ಕಮ್ಮಿ ಮಾಡಿದ್ದಕ್ಕೇ ಪರೀಕ್ಷೆಯನ್ನ ನಂಬೋದು ಕಷ್ಟ ಆಯ್ತು ನೋಡಿ!

ಇನ್ನೊಂದು ತೊಡಕೂ ಇದೆ. ನಿಜವಾಗಿ ಸೋಂಕು ತಗುಲಿದ ಬೆಕ್ಕುಗಳೆಲ್ಲ ಒಂದೇ ದಾರಿ ಹಿಡಿಯಲ್ಲ. ಕೆಲವಕ್ಕೆ ವೈರಸ್ ಮೂಳೆಮಜ್ಜೆಗೆ ಹೊಕ್ಕು ಶಾಶ್ವತವಾಗಿ ಕೂರುತ್ತೆ. ಕೆಲವು ಬೆಕ್ಕುಗಳು, ಅದರಲ್ಲೂ ದೊಡ್ಡವು, ಒಂದಷ್ಟು ವಾರ ಹೋರಾಡಿ ವೈರಸ್ಸನ್ನ ರಕ್ತದಿಂದ ಓಡಿಸುತ್ತವೆ. ಅದರ ಪ್ರತಿ ಮಾತ್ರ ಜೀವಕೋಶದ ಡಿಎನ್‌ಎಯಲ್ಲಿ ಸುಮ್ಮನೆ ಮಲಗಿರುತ್ತೆ. ಪಿಸಿಆರ್ ಬಂದ ಮೇಲೆ ಇದು ಸ್ಪಷ್ಟ ಆಯ್ತು. ಅಂದರೆ ಇವತ್ತು ಪಾಸಿಟಿವ್ ಬಂದ ಬೆಕ್ಕು ಎರಡು ತಿಂಗಳ ಮೇಲೆ ನೆಗೆಟಿವ್ ಆಗಬಹುದು. 1975ರಲ್ಲಿ ಚೀಟಿ ನೋಡಿ ಮಲಗಿಸಿದವುಗಳಲ್ಲಿ ಅಂಥವು ಎಷ್ಟಿದ್ದವೋ.

ನಾನಿರೋ ಅಮೆರಿಕದ ಊರಿನಲ್ಲಿ ಒಂದು ಸಣ್ಣ ಬೆಕ್ಕಿನಾಶ್ರಮ ಇದೆ, ಶನಿವಾರ ಹೋಗಿ ಕಸ ಗುಡಿಸ್ತೀನಿ. ಅಲ್ಲಿ ಫೆಲ್‌ವಿ ಬೆಕ್ಕುಗಳಿಗೆ ಬೇರೆ ಕೋಣೆ. ಉಳಿದ ಕೋಣೆಗಳನ್ನೆಲ್ಲ ಮುಗಿಸಿ ಕೊನೆಗೆ ಅಲ್ಲಿಗೆ ಹೋಗೋದು ನಿಯಮ. ವೈರಸ್ ಬಲು ದುರ್ಬಲ, ಸೋಪುನೀರಿಗೇ ಸಾಯುತ್ತೆ, ಒಣಗಿದರೆ ಬಾಳಲ್ಲ. ಆದರೂ ನಿಯಮ ನಿಯಮವೇ. ಹಸಿ ಮಾಂಸ ಕೊಡೋ ಹಾಗಿಲ್ಲ, ಆರು ತಿಂಗಳಿಗೊಮ್ಮೆ ವೈದ್ಯರ ತಪಾಸಣೆ, ಊಟ ಬಿಟ್ಟರೆ ಅವತ್ತೇ ಫೋನು. ಕಳೆದ ವರ್ಷ ಒಂದು ಕಪ್ಪು ಗಂಡುಬೆಕ್ಕು ಬಂತು. ನಾನು ಕರಿಯ ಅಂತ ಕರೀತಿದ್ದೆ, ಅಲ್ಲಿನವರ ಬಾಯಲ್ಲಿ ಅದು "ಕ್ಯಾರಿಯಾ" ಆಯ್ತು :-) ಕಿಟ್‌ನಲ್ಲಿ ಪಾಸಿಟಿವ್. ಲ್ಯಾಬಿಗೆ ಕಳಿಸಿದ್ದಕ್ಕೆ, ರಕ್ತಕಣ ಹೊಳೆಯೋ ಹಾರ್ಡಿಯವರ ಹಳೇ ಪರೀಕ್ಷೆಯಲ್ಲಿ ನೆಗೆಟಿವ್, ಪಿಸಿಆರ್‌ನಲ್ಲಿ ಪಾಸಿಟಿವ್. ಎರಡು ತಿಂಗಳು ಕಾದರು. ಮತ್ತೆ ಕಿಟ್ ಮಾಡಿದಾಗ ನಾನು ಅಲ್ಲೇ ಪೊರಕೆ ಹಿಡಿದು ನಿಂತಿದ್ದೆ. ಹತ್ತು ನಿಮಿಷ ಆಯ್ತು, ಹನ್ನೆರಡಾಯ್ತು, ಚುಕ್ಕೆ ಮೂಡಲಿಲ್ಲ. ವೈರಸ್ ಕರಿಯನ ಮಜ್ಜೆಯಲ್ಲೆಲ್ಲೋ ಮಲಗಿದೆ, ಇನ್ನು ಮುಂದೆ ಎದ್ದರೂ ಏಳಬಹುದು. ಬೇರೆ ಬೆಕ್ಕಿಲ್ಲದ ಒಂದು ಮನೆ ನೋಡಿ ಕಳಿಸಿದರು.

ಈಗ ಅಮೆರಿಕದ ಬೆಕ್ಕು ವೈದ್ಯರ ಸಂಘದ 2020ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತೆ. ಒಂದೇ ಪರೀಕ್ಷೆ ನೋಡಿ ಬೆಕ್ಕಿನ ಜೀವ ತೆಗೀಬೇಡಿ, ಮತ್ತೆ ಪರೀಕ್ಷಿಸಿ, ಸೋಂಕು ಖಚಿತವಾದರೂ ಆರೋಗ್ಯವಾಗಿರೋ ಬೆಕ್ಕು ಮನೆಯೊಳಗೆ ಚೆನ್ನಾಗಿ ಬದುಕಬಹುದು ಅಂತ. ಮರಿಗಳನ್ನ ಯಾವ ವಯಸ್ಸಿನಲ್ಲಾದರೂ ಪರೀಕ್ಷಿಸಬಹುದು, ಯಾಕಂದ್ರೆ ಹುಡುಕೋದು ವೈರಸ್ಸಿನ ಪ್ರೋಟೀನನ್ನೇ, ತಾಯಿಯಿಂದ ಬಂದ ಪ್ರತಿಕಾಯವನ್ನಲ್ಲ. ನೆಗೆಟಿವ್ ಬಂದರೂ, ಇತ್ತೀಚೆಗೆ ಸೋಂಕಿನ ಬೆಕ್ಕಿನ ಜೊತೆ ಇದ್ದಿದ್ದರೆ ಒಂದು ತಿಂಗಳಾದ ಮೇಲೆ ಇನ್ನೊಮ್ಮೆ ನೋಡಬೇಕು. ನಿಮ್ಮಲ್ಲಿ ಬೆಕ್ಕು ಸಾಕುವವರು ಇಷ್ಟನ್ನ ಬರೆದಿಟ್ಟುಕೊಳ್ಳಿ.

ಹಾರ್ಡಿಯವರ ಕಾರ್ಯಕ್ರಮ ಮಾತ್ರ ಸತ್ತಿಲ್ಲ. ಅದು ಕಾಡಿಗೆ ಹೋಗಿದೆ. 2000ದ ದಶಕದ ಆರಂಭದಲ್ಲಿ ಫ್ಲಾರಿಡಾದ ಪ್ಯಾಂಥರ್‌ಗಳಿಗೆ ಸಾಕುಬೆಕ್ಕಿನಿಂದ ಈ ವೈರಸ್ ತಗುಲಿತು. ಐದಕ್ಕೆ ಸೋಂಕು ಕಂಡುಬಂತು, ಐದೂ ಉಳಿಯಲಿಲ್ಲ. ಕಾಡಿನಲ್ಲಿ ಒಂದೊಂದನ್ನೇ ಹಿಡಿದು ಲಸಿಕೆ ಹಾಕಿದರು. 2007ರಲ್ಲಿ ಸ್ಪೇನಿನ ಡೊನ್ಯಾನಾದಲ್ಲಿ, ಆಗ ಅಳಿವಿನಂಚಿನಲ್ಲಿದ್ದ ಐಬೀರಿಯನ್ ಲಿಂಕ್ಸ್‌ಗಳಿಗೆ ಬಂತು. ಹಲವು ಸತ್ತವು. ಅಲ್ಲಿಯೂ ಹಳೇ ಸೂತ್ರವೇ. ಹಿಡಿ, ಪರೀಕ್ಷಿಸು, ಪಾಸಿಟಿವ್ ಬಂದದ್ದನ್ನ ತೆಗಿ, ನೆಗೆಟಿವ್ ಬಂದದ್ದಕ್ಕೆ ಲಸಿಕೆ ಹಾಕಿ ಬಿಡು. ಆದರೆ ಡೊನ್ಯಾನಾದಲ್ಲಿ "ತೆಗಿ" ಅಂದರೆ ಹಿಡಿದು ತಂದು, ಬೇರೆ ಬೇಲಿಯೊಳಗಿಟ್ಟು, ಊಟ ಹಾಕಿ ನೋಡಿಕೊಳ್ಳೋದು ಅಂತ ಅರ್ಥ ಆಗಿತ್ತು.