ಪದ ಪರಿಚಯ: ನೆರೀಸ್

‘ನೆರೀಸ್’ ಗ್ರೀಕ್ ಮೂಲದ ಪದ. ಸಮುದ್ರದೇವತೆ ನೆರಿಯಸ್‌ನ ಮಗಳು ಎಂದರ್ಥ. ಕಡಲಿನ ಬಿರುಗೂದಲ ಹುಳುಗಳ ಒಂದು ಕುಲಕ್ಕೆ 1758ರಲ್ಲಿ ಲಿನೇಯಸ್ ಈ ಹೆಸರಿಟ್ಟರು. ಅಂದು ವಿಶಾಲವಾಗಿದ್ದ ಆ ಕುಲದ ಹಲವು ಹುಳುಗಳನ್ನು ಬೇರೆ ಕುಲಗಳಿಗೆ ಸೇರಿಸಿದ್ದರಿಂದ ಅದು ಇಂದು ಕಿರಿದಾಗಿದೆ. ಹಾಗೆ ಕಿರಿದಾದದ್ದೇ ಸರಿ. ಬರೀ ಬಣ್ಣ, ಉದ್ದ ನೋಡಿ ಈ ಹುಳುಗಳನ್ನು ಬೇರ್ಪಡಿಸಲಾಗದು. ಹೊರಚಾಚಿದ ಗಂಟಲನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ, ಕೊಕ್ಕೆಯಂಥ ಎರಡು ದವಡೆಗಳ ಹಿಂದೆ ಕಂದುಬಣ್ಣದ ಪುಟ್ಟ ಹಲ್ಲುಗಳು ಕಾಣುತ್ತವೆ: ನೆರೀಸ್‌ನಲ್ಲಿ ಅವು ಶಂಕುವಿನಾಕಾರ, ಹತ್ತಿರದ ಕುಲವಾದ ಪೆರಿನೆರೀಸ್‌ನಲ್ಲಿ ಕೆಲವು ಅಡ್ಡಪಟ್ಟಿಯಂತೆ.

ಇಷ್ಟು ಸಣ್ಣ ಭೇದಗಳಿಗಾಗಿ ಹೆಸರು ಬದಲಿಸಿ, ನೆರೀಸ್ ಡೈವರ್ಸಿಕಲರ್ ಎಂಬ ಪ್ರಭೇದವನ್ನು ಹೆಡಿಸ್ಟೆ ಎಂಬ ಬೇರೆ ಕುಲಕ್ಕೆ ಸೇರಿಸಬೇಕೇ ಎಂಬ ಆಕ್ಷೇಪವಿದೆ. ಹಳೆಯ ಬರಹ ಹುಡುಕುವವರಿಗೆ ತೊಡಕಾಗುವುದು ನಿಜ. ಆದರೆ ನೆರೀಸ್ ಪೆಲಾಜಿಕಾ ಸಂತಾನಕ್ಕಾಗಿ ರೂಪ ಬದಲಿಸಿ ಮೇಲ್ನೀರಿಗೆ ಈಜುತ್ತದೆ. ಡೈವರ್ಸಿಕಲರ್ ಅಳಿವೆಯ ಕೆಸರಿನಲ್ಲೇ ಉಳಿದು ಮೊಟ್ಟೆಯಿಡುತ್ತದೆ. ಎರಡನ್ನೂ ಒಂದೇ ಹೆಸರಿನಡಿ ಇಟ್ಟರೆ, ಒಂದರ ಬದುಕನ್ನು ಇನ್ನೊಂದಕ್ಕೆ ಆರೋಪಿಸುವ ತಪ್ಪು ಸುಲಭವಾಗಿ ನುಸುಳುತ್ತದೆ.